ಬ್ರಿಟಿಷ್ ಶಾರ್ಟ್‌ಹೇರಾ, ಅಮೆರಿಕನ್ ಶಾರ್ಟ್‌ಹೇರಾ? ಬೆಕ್ಕು ತರುವ ಮೊದಲು ನೋಡಬೇಕಾದದ್ದು

ಬೂದು ಬಣ್ಣ, ದುಂಡು ಮುಖ ಇದ್ದರೆ ‘ಬ್ರಿಟಿಷ್’. ಬೆಳ್ಳಿ ಮೈ, ಕಪ್ಪು ಪಟ್ಟೆ ಇದ್ದರೆ ‘ಅಮೆರಿಕನ್’. ಬೆಕ್ಕಿನ ಮರಿ ಮಾರುವವರ ಜಾಹೀರಾತುಗಳಲ್ಲಿ ಲೆಕ್ಕ ಇಷ್ಟೇ. ಕೊಳ್ಳುವವರೂ ಇದನ್ನೇ ನಂಬಿ ಸಾವಿರಾರು ರೂಪಾಯಿ ಎಣಿಸುತ್ತಾರೆ. ಆದರೆ ಬ್ರಿಟಿಷ್ ಶಾರ್ಟ್‌ಹೇರ್ ತಳಿಯಲ್ಲೂ ಬೆಳ್ಳಿ ಪಟ್ಟೆಯವು ಇವೆ. ಅಮೆರಿಕನ್ ಶಾರ್ಟ್‌ಹೇರ್ ತಳಿಯಲ್ಲೂ ಅಪ್ಪಟ ಬೂದು ಬೆಕ್ಕುಗಳಿವೆ. ಅಮೆರಿಕನ್ ತಳಿಯಲ್ಲಿ ಒಪ್ಪಿಗೆಯಿರುವ ಬಣ್ಣ, ಪಟ್ಟೆಗಳ ಬಗೆಗಳೇ 80ಕ್ಕಿಂತ ಜಾಸ್ತಿ. ಇನ್ನು ನಮ್ಮ ಬೀದಿ ಬೆಕ್ಕುಗಳಲ್ಲಿ ಬೂದು, ಪಟ್ಟೆ ಎರಡಕ್ಕೂ ಬರವಿಲ್ಲ.

ಅದಕ್ಕೇ ಬಣ್ಣವನ್ನು ಪಕ್ಕಕ್ಕಿಡಿ. ಮೈಕಟ್ಟು, ತುಪ್ಪಳ, ಕಾಗದ ಪತ್ರ, ಅಪ್ಪ ಅಮ್ಮನ ಆರೋಗ್ಯ ನೋಡಿ. ಆಮೇಲೆ ನಿಮ್ಮ ಮನೆ ಹೇಗಿದೆ ಅಂತ ನೋಡಿ. ಬೆಲೆಯ ಮಾತು ನಾನು ಎತ್ತುವುದಿಲ್ಲ. ಅದು ಊರಿಂದೂರಿಗೆ ಬದಲಾಗುತ್ತದೆ, ಮಾರುವವರ ಬಾಯಿಗೆ ಬಂದಷ್ಟು ಇರುತ್ತದೆ.

ಹಂತ 1: ಎರಡೂ ಎಲ್ಲಿಂದ ಬಂದವು ಅಂತ ತಿಳಿದುಕೊಳ್ಳಿ

ಇದು ಸುಮ್ನೆ ಹೇಳುವ ಚರಿತ್ರೆ ಅಲ್ಲ. ಇವತ್ತು ಆ ಬೆಕ್ಕಿನ ಮುಖ ಹಾಗೇಕಿದೆ, ಯಾವ ಕಾಯಿಲೆ ಬರಬಹುದು ಅನ್ನುವುದಕ್ಕೆಲ್ಲ ಉತ್ತರ ಇಲ್ಲೇ ಇದೆ.

ಬ್ರಿಟಿಷ್ ಶಾರ್ಟ್‌ಹೇರ್‌ನ ಮೂಲ ಇಂಗ್ಲೆಂಡಿನ ಬೀದಿ, ಕೊಟ್ಟಿಗೆಗಳ ಬೆಕ್ಕುಗಳು. 1871ರಲ್ಲಿ ಹ್ಯಾರಿಸನ್ ವೇರ್ ಎಂಬ ಚಿತ್ರಕಾರ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಬೆಕ್ಕುಗಳ ದೊಡ್ಡ ಪ್ರದರ್ಶನ ನಡೆಸಿದ. ಅಲ್ಲಿಯವರೆಗೆ ಇಲಿ ಹಿಡಿಯಲಷ್ಟೇ ಬೇಕಾಗಿದ್ದ ಊರ ಬೆಕ್ಕಿಗೂ ಅಲ್ಲಿ ಮರ್ಯಾದೆ ಸಿಕ್ಕಿತು. ಆಮೇಲೆ ಉದ್ದ ಕೂದಲಿನ ಪರ್ಷಿಯನ್ ಬೆಕ್ಕಿನ ಹುಚ್ಚು ಹತ್ತಿ ಇದು ಹಿಂದೆ ಬಿತ್ತು. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಒಳ್ಳೆಯ ಗಂಡು ಬೆಕ್ಕುಗಳು ಬೆರಳೆಣಿಕೆಯಷ್ಟು ಉಳಿದಿದ್ದವು. ತಳಿ ಉಳಿಸಲು ಸಾಕುವವರು ಪರ್ಷಿಯನ್ ಬೆಕ್ಕುಗಳ ಜತೆ ಕೂಡಿಸಿದರು. ಇವತ್ತಿನ ದುಂಡು ಕೆನ್ನೆ, ದಟ್ಟ ತುಪ್ಪಳಕ್ಕೆ ಆ ರಕ್ತವೂ ಕಾರಣ. ಪರ್ಷಿಯನ್ನಿನ ಒಂದು ಕಿಡ್ನಿ ಕಾಯಿಲೆಯೂ ಅದರ ಜತೆಗೇ ಒಳಗೆ ಬಂತು. ಅದರ ವಿಚಾರ ಮುಂದೆ ಹೇಳುತ್ತೇನೆ.

ಅಮೆರಿಕನ್ ಶಾರ್ಟ್‌ಹೇರ್ ಯುರೋಪಿನಿಂದ ಹಡಗು ಹತ್ತಿ ಹೋದ ಬೆಕ್ಕುಗಳ ಸಂತಾನ. ಹಡಗಿನ ಧಾನ್ಯಕ್ಕೆ ಇಲಿ ಬೀಳದಿರಲಿ ಅಂತ ಬೆಕ್ಕು ಸಾಕುವುದು ಆಗಿನ ರೂಢಿ. ಅಮೆರಿಕದ ಹೊಲ, ಗೋದಾಮುಗಳಲ್ಲಿ ಇವು ತಲೆಮಾರುಗಟ್ಟಲೆ ಇಲಿ ಹಿಡಿದು ಬದುಕಿದವು. 1906ರಲ್ಲಿ ಅಲ್ಲಿ ಶುರುವಾದ ಸಿಎಫ್‌ಎ ಎಂಬ ಬೆಕ್ಕು ಸಂಸ್ಥೆ ಮೊದಮೊದಲು ನೋಂದಾಯಿಸಿಕೊಂಡ ತಳಿಗಳಲ್ಲಿ ಇದೂ ಒಂದು. ಆಗ ಇದರ ಹೆಸರು ‘ಡೊಮೆಸ್ಟಿಕ್ ಶಾರ್ಟ್‌ಹೇರ್’. ಬೀದಿಯ ಮಿಶ್ರ ಬೆಕ್ಕಿಗೂ ಅದೇ ಹೆಸರಾಗಿ ಗೊಂದಲವಾಗುತ್ತಿತ್ತು. 1966ರಲ್ಲಿ ‘ಅಮೆರಿಕನ್ ಶಾರ್ಟ್‌ಹೇರ್’ ಅಂತ ಬದಲಾಯಿಸಿದರು.

ಅಮೆರಿಕದಲ್ಲಿರುವ ಕನ್ನಡಿಗರು ಇದನ್ನು ನೆನಪಿಟ್ಟುಕೊಳ್ಳಬೇಕು. ಅಲ್ಲಿನ ಶೆಲ್ಟರ್‌ಗಳಲ್ಲಿ ಬೆಕ್ಕಿನ ಚೀಟಿಯ ಮೇಲೆ ‘ಡೊಮೆಸ್ಟಿಕ್ ಶಾರ್ಟ್‌ಹೇರ್’ ಅಂತ ಬರೆದಿದ್ದರೆ ಅದು ತಳಿಯ ಹೆಸರಲ್ಲ. ಗಿಡ್ಡ ಕೂದಲಿನ ಸಾಮಾನ್ಯ ಬೆಕ್ಕು ಅಂತಷ್ಟೇ ಅರ್ಥ. ‘ನಮ್ಮದು ಅಮೆರಿಕನ್ ಶಾರ್ಟ್‌ಹೇರ್’ ಅಂತ ಹೇಳಿಕೊಳ್ಳುವ ಎಷ್ಟೋ ಮನೆಗಳಲ್ಲಿ ಇರುವುದು ಈ ಬೆಕ್ಕೇ. ಅದರಲ್ಲೇನೂ ಕೊರತೆ ಇಲ್ಲ, ಬಿಡಿ. ದುಡ್ಡು ಮಾತ್ರ ತಳಿಯ ಲೆಕ್ಕದಲ್ಲಿ ಕೊಡಬೇಡಿ ಅಷ್ಟೇ.

ಹಂತ 2: ಮುಟ್ಟಿ ನೋಡಿ, ಸುತ್ತ ನಡೆದು ನೋಡಿ

ಫೋಟೊದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಎದುರು ನಿಂತಾಗ ಹಾಗಲ್ಲ. ಸಾಧ್ಯವಾದರೆ ಬೆಳೆದ ಬೆಕ್ಕನ್ನೇ ನೋಡಿ, ಅದರಲ್ಲೂ ಮರಿಯ ತಾಯಿಯನ್ನು. ಎರಡು ತಿಂಗಳ ಮರಿಯಲ್ಲಿ ಎಲ್ಲ ಬೆಕ್ಕಿನ ಮುಖವೂ ದುಂಡಗೇ ಇರುತ್ತದೆ.

ತುಪ್ಪಳದಿಂದ ಶುರು ಮಾಡಿ. ಬ್ರಿಟಿಷ್ ಬೆಕ್ಕಿನ ಬೆನ್ನಿನ ಮೇಲೆ ಅಂಗೈ ಇಟ್ಟು ಸ್ವಲ್ಪ ಒತ್ತಿ. ಕೂದಲು ಮೈಗೆ ಅಂಟಿ ಮಲಗುವುದಿಲ್ಲ, ನೆಟ್ಟಗೆ ನಿಂತಿರುತ್ತದೆ. ಕೈ ತೆಗೆದ ಕೂಡಲೇ ಮೇಲೆದ್ದು ಬರುತ್ತದೆ. ಬೆಕ್ಕು ಕತ್ತು ತಿರುಗಿಸಿದಾಗ ಎದೆಯ ಹತ್ತಿರ, ಭುಜದ ಮೇಲೆ ಕೂದಲು ಸೀಳು ಬಿಟ್ಟು ಗೆರೆಗೆರೆಯಾಗಿ ಕಾಣುತ್ತದೆ. ಅಷ್ಟು ದಟ್ಟ ಅದು. ಅಮೆರಿಕನ್ ಬೆಕ್ಕಿನ ಕೂದಲೂ ಒತ್ತಾಗಿಯೇ ಇರುತ್ತದೆ, ಆದರೆ ಮೈಗೆ ಹತ್ತಿರವಾಗಿ ಮಲಗಿರುತ್ತದೆ. ಮುಟ್ಟಿದರೆ ಸ್ವಲ್ಪ ಒರಟು, ಗಡುಸು. ಚಳಿ, ಮಳೆ, ಮುಳ್ಳು ತಡೆಯಲಿಕ್ಕೆ ಬಂದ ಕೂದಲು ಅದು. ಕಣ್ಣು ಮುಚ್ಚಿಕೊಂಡು ಎರಡನ್ನೂ ಸವರಿದರೂ ವ್ಯತ್ಯಾಸ ಗೊತ್ತಾಗುತ್ತದೆ.

ಆಮೇಲೆ ಮೈಕಟ್ಟು. ಬ್ರಿಟಿಷ್ ಬೆಕ್ಕು ರುಬ್ಬುಗುಂಡಿನ ಹಾಗೆ. ಗಿಡ್ಡ, ಗುಂಡಗೆ, ನೋಡಿದ್ದಕ್ಕಿಂತ ಎತ್ತಿದಾಗ ಭಾರ. ಅಗಲ ಎದೆ, ಗಿಡ್ಡ ದಪ್ಪ ಕಾಲು, ದುಂಡು ಪಾದ. ಅಮೆರಿಕನ್ ಬೆಕ್ಕು ಎತ್ತರಕ್ಕಿಂತ ಉದ್ದ ಸ್ವಲ್ಪ ಜಾಸ್ತಿ. ಮಾಂಸಖಂಡ ಗಟ್ಟಿ, ಆದರೆ ಗುಂಡಗಿರುವುದಿಲ್ಲ. ಓಡಿ ಹಾರಿ ಬೇಟೆಯಾಡುವ ಮೈ. ತೂಕದಲ್ಲಿ ಗಂಡು ಬ್ರಿಟಿಷ್ ಸಾಮಾನ್ಯವಾಗಿ 5ರಿಂದ 8 ಕಿಲೊ, ಗಂಡು ಅಮೆರಿಕನ್ 5ರಿಂದ 7 ಕಿಲೊ. ಎರಡರಲ್ಲೂ ಹೆಣ್ಣು ಚಿಕ್ಕದು. ಎರಡೂ ನಿಧಾನಕ್ಕೆ ಬೆಳೆಯುತ್ತವೆ, ಪೂರ್ತಿ ಮೈ ತುಂಬಲು 3–4 ವರ್ಷ ಬೇಕು. ಹಾಗಾಗಿ ಒಂದು ವರ್ಷದ ಬ್ರಿಟಿಷ್ ಬೆಕ್ಕು ತೆಳ್ಳಗೆ ಕಂಡರೆ ಅನುಮಾನ ಪಡಬೇಡಿ.

ಮುಖದಲ್ಲಿ ನೋಡಬೇಕಾದದ್ದು ಕಣ್ಣು ಮತ್ತು ಮೂತಿ. ಬ್ರಿಟಿಷ್ ಬೆಕ್ಕಿನ ಕಣ್ಣು ಪೂರ್ತಿ ದುಂಡು, ದೊಡ್ಡದು. ಅಮೆರಿಕನ್ ಬೆಕ್ಕಿನದು ಕೆಳಗಿನ ರೆಪ್ಪೆ ದುಂಡು, ಮೇಲಿನ ರೆಪ್ಪೆ ಮಾತ್ರ ಬಾದಾಮಿಯನ್ನು ಉದ್ದಕ್ಕೆ ಸೀಳಿದ ಆಕಾರ. ತಳಿಯ ನಿಯಮದಲ್ಲೇ ಹಾಗೆ ಬರೆದಿದೆ. ಇದರಿಂದಲೇ ಬ್ರಿಟಿಷ್ ಬೆಕ್ಕು ಯಾವಾಗಲೂ ಬೆರಗಾದಂತೆ ಕಾಣುತ್ತದೆ, ಅಮೆರಿಕನ್ ಬೆಕ್ಕು ಏನೋ ಗಮನಿಸುತ್ತಿರುವಂತೆ ಕಾಣುತ್ತದೆ. ಮುಖ ಮುಂದಿನಿಂದ ನೋಡಿದರೆ ಅಮೆರಿಕನ್‌ನದು ಅಗಲಕ್ಕಿಂತ ಉದ್ದ ಒಂಚೂರು ಜಾಸ್ತಿ, ಮೂತಿ ಚೌಕ. ಬ್ರಿಟಿಷ್ ಎಲ್ಲ ಕಡೆಯಿಂದಲೂ ದುಂಡು, ಕಿವಿಗಳು ಚಿಕ್ಕವು, ನಡುವೆ ಅಂತರ ಜಾಸ್ತಿ. ಬಾಲದಲ್ಲೂ ಸುಳಿವಿದೆ. ಬ್ರಿಟಿಷ್‌ನದು ದಪ್ಪ, ತುದಿ ದುಂಡು. ಅಮೆರಿಕನ್‌ನದು ಬುಡದಲ್ಲಿ ದಪ್ಪ, ತುದಿಯ ಕಡೆ ಸಣ್ಣಗಾಗುತ್ತ ಹೋಗಿ ಥಟ್ಟನೆ ಮೊಂಡಾಗಿ ನಿಲ್ಲುತ್ತದೆ.

ಬಣ್ಣ ಪಕ್ಕಕ್ಕಿಡಿ ಅಂದೆ. ಆದರೂ ಮೋಸ ಹಿಡಿಯಲಿಕ್ಕೆ ಅದು ಮೂರು ಕಡೆ ಕೆಲಸಕ್ಕೆ ಬರುತ್ತದೆ.

ಒಂದು, ‘ಲೈಲಾಕ್ ಅಮೆರಿಕನ್ ಶಾರ್ಟ್‌ಹೇರ್’, ‘ಚಾಕೊಲೇಟ್ ಅಮೆರಿಕನ್ ಶಾರ್ಟ್‌ಹೇರ್’ ಅಂತ ಯಾರಾದರೂ ತೋರಿಸಿದರೆ ನಕ್ಕು ಎದ್ದು ಬನ್ನಿ. ಆ ಬಣ್ಣಗಳನ್ನೂ, ಸಯಾಮೀಸ್ ಥರ ಮುಖ ಕಾಲು ಮಾತ್ರ ಕಪ್ಪಾಗುವ ಬಗೆಯನ್ನೂ ಸಿಎಫ್‌ಎ ಬೆರಕೆಯ ಗುರುತು ಅಂತ ತಳ್ಳಿಹಾಕುತ್ತದೆ. ಬ್ರಿಟಿಷ್ ತಳಿಯಲ್ಲಿ ಇಂಗ್ಲೆಂಡಿನ ಜಿಸಿಸಿಎಫ್ ಸಂಸ್ಥೆ ಇವನ್ನು ಒಪ್ಪುತ್ತದೆ.

ಎರಡು, ಬೆಳ್ಳಿ ಬಣ್ಣ ನಿಜವಾ ಅಂತ ನೋಡಬೇಕಾದರೆ ಪಕ್ಕೆಯ ಕೂದಲನ್ನು ಮೆಲ್ಲಗೆ ಊದಿ ಬಿಡಿಸಿ. ನಿಜವಾದ ಬೆಳ್ಳಿ ಬೆಕ್ಕಿನ ಕೂದಲ ಬುಡ ಬಿಳಿ ಇರುತ್ತದೆ. ಮಾಮೂಲಿ ಪಟ್ಟೆ ಬೆಕ್ಕಿನ ಬುಡ ಬೂದು ಇಲ್ಲವೇ ಕಂದು. ಅಮೆರಿಕನ್ ತಳಿಯ ಹೆಸರುವಾಸಿ ಬೆಳ್ಳಿ ಬೆಕ್ಕಿನಲ್ಲಿ ಪಟ್ಟೆ ಸಾಲಾಗಿರುವುದಿಲ್ಲ. ಎರಡು ಪಕ್ಕೆಯಲ್ಲೂ ದೊಡ್ಡ ಸುಳಿ ಇರುತ್ತದೆ, ಸುಳಿಯ ನಡುವೆ ಒಂದು ಮಚ್ಚೆ. ಜಪಾನಿನಲ್ಲಿ ಜನ ಮುಗಿಬಿದ್ದು ಸಾಕುವುದು ಇದನ್ನೇ.

ಮೂರು, ಬೂದು ಬ್ರಿಟಿಷ್ ಮರಿಯ ಮೈಮೇಲೆ ಮಸುಕು ಪಟ್ಟೆ ಕಂಡರೆ ಬೆರಕೆ ಅಂತ ಗಾಬರಿ ಬೇಡ. ಬೆಳೆಯುತ್ತ ಅದು ಮಾಯವಾಗುತ್ತದೆ. ಹಾಗೆಯೇ ‘ನೀಲಿ ಕಣ್ಣಿನ ಬ್ರಿಟಿಷ್ ಮರಿ, ಸ್ಪೆಷಲ್ ಸಾರ್’ ಅಂದರೆ ಮರಿಯ ವಯಸ್ಸು ಕೇಳಿ. ಆರು ವಾರದ ಯಾವ ಮರಿಯ ಕಣ್ಣೂ ನೀಲಿಯೇ. ಬೂದು ಬ್ರಿಟಿಷ್ ಬೆಕ್ಕಿನ ತಾಮ್ರದ ಬಣ್ಣದ ಕಣ್ಣು ಬರಲು ತಿಂಗಳುಗಳು ಬೇಕು.

ಇನ್ನೊಂದು ಬಲೆ ಇದೆ. ಮಡಚಿದ ಕಿವಿಯ ಮರಿಯನ್ನು ‘ಬ್ರಿಟಿಷ್ ಫೋಲ್ಡ್’ ಅಂತ ಮಾರುತ್ತಾರೆ. ಅದು ಸ್ಕಾಟಿಷ್ ಫೋಲ್ಡ್. 1961ರಲ್ಲಿ ಸ್ಕಾಟ್ಲೆಂಡಿನ ಒಂದು ಹೊಲದಲ್ಲಿ ಸಿಕ್ಕ ಸೂಸಿ ಎಂಬ ಬೆಕ್ಕಿನಿಂದ ಬಂದದ್ದು. ಕಿವಿ ಮಡಚಿಸುವ ಜೀನ್ ಕಿವಿಯಲ್ಲಷ್ಟೇ ನಿಲ್ಲುವುದಿಲ್ಲ, ಮೈಯಲ್ಲಿರುವ ಎಲ್ಲ ಮೃದ್ವಸ್ಥಿಯನ್ನೂ ಕೆಡಿಸುತ್ತದೆ. ಕೀಲು ನೋವು ಜೀವನವಿಡೀ ಇರಬಹುದು. ಜಿಸಿಸಿಎಫ್ ಈ ಬೆಕ್ಕನ್ನು ನೋಂದಾಯಿಸಿಕೊಳ್ಳುವುದಿಲ್ಲ. ಎಷ್ಟೇ ಮುದ್ದಾಗಿ ಕಂಡರೂ ದುಡ್ಡು ಕೊಟ್ಟು ತರಬೇಡಿ.

ಹಂತ 3: ನಿಮ್ಮ ಮನೆಯ ಸದ್ದು ಕೇಳಿಸಿಕೊಳ್ಳಿ

ಸ್ವಭಾವ ಬೆಕ್ಕಿನಿಂದ ಬೆಕ್ಕಿಗೆ ಬೇರೆ. ಆದರೂ ತಳಿಗೊಂದು ಒಲವು ಇರುತ್ತದೆ.

ಬ್ರಿಟಿಷ್ ಬೆಕ್ಕು ನಿಮ್ಮ ಜತೆ ಇರಲು ಇಷ್ಟಪಡುತ್ತದೆ, ನಿಮ್ಮ ಕೈಯಲ್ಲಿ ಇರಲು ಅಲ್ಲ. ನೀವು ಕೂತ ಕೋಣೆಗೆ ಬಂದು ನಾಲ್ಕಡಿ ದೂರದಲ್ಲಿ ಕೂರುತ್ತದೆ. ನೀವು ಎದ್ದು ಅಡುಗೆಮನೆಗೆ ಹೋದರೆ ಅಲ್ಲಿಗೂ ಬರುತ್ತದೆ, ಬಾಗಿಲ ಹತ್ತಿರ ಕೂರುತ್ತದೆ. ಎತ್ತಿಕೊಂಡರೆ ಮೈ ಬಿಗಿ ಮಾಡಿಕೊಂಡು, ಮುಂಗಾಲು ಚಾಚಿ, ಇಳಿಸು ಅನ್ನುತ್ತದೆ. ತೊಡೆಯ ಮೇಲೆ ಮಲಗುವ ಬೆಕ್ಕು ಬೇಕು ಅಂತ ಇದನ್ನು ತಂದವರು ಬೇಜಾರಾಗುವುದು ಇದಕ್ಕೇ. ಕೂಗಾಟ ಕಡಿಮೆ. ಬೆಳಿಗ್ಗೆ ಹೋಗಿ ಸಂಜೆ ಬರುವ ಗಂಡ ಹೆಂಡತಿ, ಇಲ್ಲವೇ ಗಲಾಟೆ ಇಲ್ಲದ ಮನೆಯ ಹಿರಿಯರು, ಇಂಥವರಿಗೆ ಇದು ಹೊಂದುತ್ತದೆ. ಆದರೆ ಹೊಂದಿಕೊಳ್ಳುತ್ತದೆ ಅಂತ ಹನ್ನೆರಡು ಗಂಟೆ ಒಂಟಿಯಾಗಿ ಬಿಟ್ಟು ಹೋಗಬೇಡಿ.

ಅಮೆರಿಕನ್ ಬೆಕ್ಕು ಸ್ವಲ್ಪ ಜಾಸ್ತಿ ಚುರುಕು. ಹಲ್ಲಿ, ಜಿರಲೆ, ಕಿಟಕಿಯ ಆಚೆ ಅಳಿಲು, ಎಲ್ಲದರ ಮೇಲೂ ಕಣ್ಣು. ಮಕ್ಕಳು, ನಾಯಿ, ಬಂದು ಹೋಗುವ ನೆಂಟರು, ಎಲ್ಲರನ್ನೂ ಸಹಿಸಿಕೊಳ್ಳುತ್ತದೆ ಅನ್ನುವುದು ಇದರ ಹೆಗ್ಗಳಿಕೆ. ಶಾಲೆಗೆ ಹೋಗುವ ಮಕ್ಕಳಿರುವ ಮನೆಗೆ ಎರಡರಲ್ಲಿ ಒಂದು ಹೇಳು ಅಂದರೆ ನಾನು ಇದನ್ನೇ ಹೇಳುತ್ತೇನೆ. ಗಿಳಿ, ಲವ್‌ಬರ್ಡ್ಸ್ ಸಾಕಿದ್ದರೆ ಮಾತ್ರ ಬೇಡ. ಇಲಿ ಹಿಡಿದ ವಂಶ ಅದು, ಅಲ್ವಾ?

ಭಾರತದಲ್ಲಿ ಒಂದು ತೊಡಕಿದೆ. ಬ್ರಿಟಿಷ್ ಶಾರ್ಟ್‌ಹೇರ್ ಸಾಕುವವರು ಬೆಂಗಳೂರಿನಂಥ ಊರುಗಳಲ್ಲಿ ಸಿಗುತ್ತಾರೆ. ಸರಿಯಾದ ಕಾಗದವಿರುವ ಅಮೆರಿಕನ್ ಶಾರ್ಟ್‌ಹೇರ್ ಇಲ್ಲಿ ಬಹಳ ಅಪರೂಪ. ನಿಮಗೆ ಬೇಕಾದದ್ದು ಅದರ ಸ್ವಭಾವವಾದರೆ ಬೀದಿಯಿಂದ ರಕ್ಷಿಸಿದ ಆರೋಗ್ಯವಂತ ಮರಿಯಲ್ಲೂ ಆ ಚುರುಕು ಸಿಗುತ್ತದೆ. ಆ ತಳಿ ಹುಟ್ಟಿದ್ದೂ ಅಂಥ ಬೆಕ್ಕಿನಿಂದಲೇ.

ಹಂತ 4: ಅಪ್ಪ ಅಮ್ಮನ ಪರೀಕ್ಷೆ ವರದಿ ಕೇಳಿ

ಇಲ್ಲಿ ಅವಸರ ಮಾಡಬೇಡಿ. ಮರಿ ಆರೋಗ್ಯವಾಗಿ ಕಾಣುವುದು ಬೇರೆ, ಒಳಗೆ ಏನು ಹೊತ್ತು ತಂದಿದೆ ಅನ್ನುವುದು ಬೇರೆ.

ಮೊದಲು ಹೃದಯ. ಬೆಕ್ಕುಗಳಲ್ಲಿ ಹೃದಯದ ಗೋಡೆ ದಪ್ಪಗಾಗುವ ಕಾಯಿಲೆ ಇದೆ, ವೈದ್ಯರು ಎಚ್‌ಸಿಎಂ ಅನ್ನುತ್ತಾರೆ. ಎರಡೂ ತಳಿಯಲ್ಲಿ ಕಂಡಿದೆ, ಬ್ರಿಟಿಷ್ ಗಂಡಿನಲ್ಲಿ ಜಾಸ್ತಿ. ಡೆನ್ಮಾರ್ಕಿನಲ್ಲಿ 329 ಬ್ರಿಟಿಷ್ ಶಾರ್ಟ್‌ಹೇರ್‌ಗಳನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೆಣ್ಣುಗಳಲ್ಲಿ ಶೇ 2ರಷ್ಟು, ಗಂಡುಗಳಲ್ಲಿ ಶೇ 20ರಷ್ಟು ಈ ಕಾಯಿಲೆ ಕಂಡಿತು. ಮೇನ್ ಕೂನ್, ರ‍್ಯಾಗ್‌ಡಾಲ್ ತಳಿಗಳಿಗೆ ಇರುವ ಜೀನ್ ಪರೀಕ್ಷೆ ಇವಕ್ಕೆ ಕೆಲಸಕ್ಕೆ ಬಾರದು. ಎದೆಯ ಎಕೋ ಸ್ಕ್ಯಾನ್ ಒಂದೇ ದಾರಿ. ‘ಡಿಎನ್‌ಎ ಟೆಸ್ಟ್ ಆಗಿದೆ, ಹಾರ್ಟ್ ಕ್ಲಿಯರ್’ ಅಂತ ಹೇಳಿದರೆ ಒಪ್ಪಬೇಡಿ. ಎಕೋ ವರದಿ ಕೇಳಿ, ತಾರೀಖು ನೋಡಿ. ಕಾಯಿಲೆ ವಯಸ್ಸಾದ ಮೇಲೂ ಬರಬಹುದು. ಹಾಗಾಗಿ ಮೂರು ವರ್ಷ ಹಳೆಯ ವರದಿಯಿಂದ ಹೆಚ್ಚು ಪ್ರಯೋಜನವಿಲ್ಲ.

ಮನೆಗೆ ತಂದ ಮೇಲೆ ನೀವೇ ಮಾಡಬಹುದಾದ ಒಂದು ಕೆಲಸ ಇದೆ. ಬೆಕ್ಕು ಗಾಢ ನಿದ್ದೆಯಲ್ಲಿದ್ದಾಗ ಫೋನಿನ ಟೈಮರ್ ಇಟ್ಟುಕೊಂಡು ಪಕ್ಕೆ ಏರಿ ಇಳಿಯುವುದನ್ನು ಒಂದು ನಿಮಿಷ ಎಣಿಸಿ. ಏರಿ ಇಳಿದರೆ ಒಂದು ಉಸಿರು. 30ಕ್ಕಿಂತ ಕಡಿಮೆ ಇರಬೇಕು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎಣಿಸಿದರೂ 30 ದಾಟುತ್ತಿದ್ದರೆ ವೈದ್ಯರಿಗೆ ತೋರಿಸಿ. ಇದ್ದಕ್ಕಿದ್ದಂತೆ ಹಿಂಗಾಲು ಎಳೆಯುತ್ತ, ಜೋರಾಗಿ ಅರಚುತ್ತಿದ್ದರೆ, ಆ ಪಾದ ಮುಟ್ಟಿದಾಗ ತಣ್ಣಗಿದ್ದರೆ ಅದು ಹೃದಯದಿಂದ ಬಂದ ರಕ್ತಗಡ್ಡೆ ಇರಬಹುದು. ‘ಬಿದ್ದು ಉಳುಕಿರಬೇಕು, ಎಣ್ಣೆ ಹಚ್ಚೋಣ’ ಅಂತ ಕೂರಬೇಡಿ. ಆ ಗಳಿಗೆಯಲ್ಲೇ ಆಸ್ಪತ್ರೆಗೆ ಓಡಿ.

ಎರಡನೆಯದು ಕಿಡ್ನಿ. ಪರ್ಷಿಯನ್ ರಕ್ತದ ಜತೆ ಬಂದದ್ದು ಇದೇ, ಪಿಕೆಡಿ. ಕಿಡ್ನಿಯಲ್ಲಿ ನೀರುಗುಳ್ಳೆ ತುಂಬುತ್ತ ಹೋಗಿ ಕೊನೆಗೆ ಕಿಡ್ನಿ ಸೋಲುತ್ತದೆ. ಅಪ್ಪ, ಅಮ್ಮ ಇಬ್ಬರಲ್ಲಿ ಒಬ್ಬರಲ್ಲಿದ್ದರೂ ಸಾಕು, ಪ್ರತಿ ಮರಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಇದಕ್ಕೆ ಮಾತ್ರ ಜೀನ್ ಪರೀಕ್ಷೆ ಚೆನ್ನಾಗಿ ಕೆಲಸ ಮಾಡುತ್ತದೆ. ಕಾರಣವಾದ ಜೀನನ್ನು 2004ರಲ್ಲೇ ಗುರುತಿಸಿದ್ದಾರೆ. ಕೆನ್ನೆಯ ಒಳಗಿಂದ ಹತ್ತಿಕಡ್ಡಿಯಲ್ಲಿ ಸ್ವಲ್ಪ ಒರೆಸಿ ತೆಗೆದರೆ ಮುಗಿಯಿತು. ಒಮ್ಮೆ ಮಾಡಿದರೆ ಜೀವಮಾನಕ್ಕೆ ಸಾಕು. ಇಷ್ಟು ಸುಲಭದ್ದನ್ನೂ ಮಾಡಿಸದ ಬ್ರಿಟಿಷ್ ಬೆಕ್ಕು ಸಾಕುವವರ ಹತ್ತಿರ ಮರಿ ಕೊಳ್ಳಬೇಡಿ.

ಮೂರನೆಯದು ರಕ್ತದ ಗುಂಪು. ಇದನ್ನು ಬಹಳ ಜನ ಕೇಳಿಯೇ ಇರುವುದಿಲ್ಲ. ಬೆಕ್ಕುಗಳಲ್ಲಿ ಮುಖ್ಯವಾಗಿ ಎ ಮತ್ತು ಬಿ ಗುಂಪು, ಅಪರೂಪಕ್ಕೆ ಎಬಿ. ಅಮೆರಿಕನ್ ಶಾರ್ಟ್‌ಹೇರ್‌ಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಎ. ಬ್ರಿಟಿಷ್ ಶಾರ್ಟ್‌ಹೇರ್‌ಗಳಲ್ಲಿ ಬಿ ಗುಂಪಿನವು ತುಂಬಾ ಇವೆ. ಕೆಲವು ದೇಶಗಳ ಸಮೀಕ್ಷೆಯಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ. ಬಿ ಬೆಕ್ಕಿಗೆ ಎ ರಕ್ತ ಕೊಟ್ಟರೆ ಮೊದಲ ಸಲವೇ ಪ್ರಾಣ ಹೋಗಬಹುದು, ಏಕೆಂದರೆ ಅದರ ಮೈಯಲ್ಲಿ ಎ ರಕ್ತದ ವಿರುದ್ಧ ಹುಟ್ಟಿನಿಂದಲೇ ತಯಾರಿ ಇರುತ್ತದೆ. ತಾಯಿ ಬಿ, ಮರಿ ಎ ಆದರೆ ತಾಯಿಯ ಮೊದಲ ಹಾಲೇ ಮರಿಗೆ ವಿಷ. ಹುಟ್ಟುವಾಗ ಗಟ್ಟಿಮುಟ್ಟಾಗಿದ್ದ ಮರಿಗಳು ಒಂದೆರಡು ದಿನಕ್ಕೆ ಸಾಯುತ್ತವೆ. ಹಾಗಾಗಿ ಬ್ರಿಟಿಷ್ ಬೆಕ್ಕು ತಂದವರು ಸಂತಾನಹರಣ ಶಸ್ತ್ರಚಿಕಿತ್ಸೆಗೆ ರಕ್ತ ತೆಗೆಯುವಾಗಲೇ ಗುಂಪು ಪರೀಕ್ಷೆಯನ್ನೂ ಮಾಡಿಸಿ, ಲಸಿಕೆ ಪುಸ್ತಕದ ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಬರೆಸಿ.

ಹಂತ 5: ಮರಿ ನೋಡಲು ಹೋದ ದಿನ

ಮರಿ ಇರುವ ಮನೆಗೇ ಹೋಗಿ. ‘ಮೆಟ್ರೋ ಸ್ಟೇಷನ್ ಹತ್ತಿರ ತಂದು ಕೊಡ್ತೀನಿ ಸಾರ್’ ಅಂದರೆ ಬೇಡ ಅನ್ನಿ. ತಾಯಿ ಬೆಕ್ಕು ಕಣ್ಣೆದುರು ಇರಬೇಕು. ಇಂಗ್ಲೆಂಡಿನಲ್ಲಿ 2020ರ ಏಪ್ರಿಲ್‌ನಿಂದ ಇದು ಕಾನೂನೇ ಆಗಿದೆ. ಆರು ತಿಂಗಳೊಳಗಿನ ಮರಿಯನ್ನು ಮಧ್ಯವರ್ತಿ ಮಾರುವಂತಿಲ್ಲ, ಸಾಕಿದವರೇ ತಾಯಿಯ ಜತೆ ತೋರಿಸಿ ಕೊಡಬೇಕು. 2024ರ ಜೂನ್‌ನಿಂದ ಅಲ್ಲಿ ಬೆಕ್ಕಿಗೆ ಮೈಕ್ರೋಚಿಪ್ಪೂ ಕಡ್ಡಾಯ. ಅಲ್ಲಿರುವ ಕನ್ನಡಿಗರು ಎರಡನ್ನೂ ನೆನಪಿಡಿ. ನಮ್ಮಲ್ಲಿ 2018ರ ನಿಯಮಗಳ ಪ್ರಕಾರ ಪ್ರಾಣಿ ಮಾರುವ ಅಂಗಡಿ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಿರಬೇಕು. ಅಂಗಡಿಯಿಂದ ತರುವುದಾದರೆ ಆ ಪ್ರಮಾಣಪತ್ರ ತೋರಿಸಿ ಅನ್ನಿ. ಮುಖ ಗಂಟಿಕ್ಕಿದರೆ ಅದೇ ಉತ್ತರ.

ತಳಿ ಕಾಗದ ಅಂದರೆ ಲಸಿಕೆ ಪುಸ್ತಕ ಅಲ್ಲ. ಪಶುವೈದ್ಯರು ಪುಸ್ತಕದಲ್ಲಿ ‘ಬ್ರಿಟಿಷ್ ಶಾರ್ಟ್‌ಹೇರ್’ ಅಂತ ಬರೆದದ್ದು ನೀವು ಹೇಳಿದ್ದನ್ನು ಕೇಳಿ ಬರೆದದ್ದು. ನಿಜವಾದ ಕಾಗದದಲ್ಲಿ ಜಿಸಿಸಿಎಫ್, ಸಿಎಫ್‌ಎ, ಟಿಕಾ, ಡಬ್ಲ್ಯುಸಿಎಫ್ ಥರದ ಸಂಸ್ಥೆಯ ಹೆಸರು, ಮರಿಯ ನೋಂದಣಿ ಸಂಖ್ಯೆ, ಮೂರು ನಾಲ್ಕು ತಲೆಮಾರಿನ ಹೆಸರು ಇರುತ್ತವೆ. ಮೈಕ್ರೋಚಿಪ್‌ನ 15 ಅಂಕಿ ಕಾಗದದಲ್ಲಿದ್ದರೆ ಸ್ಕ್ಯಾನರ್ ಹಿಡಿಸಿ ತಾಳೆ ನೋಡಿ. ‘ಇಂಪೋರ್ಟೆಡ್ ಲೈನ್’ ಅಂದರೆ ಆಮದಾದ ಬೆಕ್ಕಿನ ಕಾಗದ ಕೇಳಿ. ಕಾಗದ ಇಲ್ಲದಿದ್ದರೂ ಮರಿ ಒಳ್ಳೆಯದೇ ಇರಬಹುದು. ಆಗ ಅದಕ್ಕೆ ತಳಿ ಬೆಕ್ಕಿನ ಬೆಲೆ ಕೊಡಬೇಕಾಗಿಲ್ಲ.

ಮರಿಗೆ ಕನಿಷ್ಠ 12 ವಾರ ತುಂಬಿರಲಿ. ಕಚ್ಚುವ ಜೋರು ಎಷ್ಟಿರಬೇಕು, ಲಿಟರ್ ಟ್ರೇ (ಮನೆಯೊಳಗೆ ಬೆಕ್ಕು ಮಲಮೂತ್ರ ಮಾಡುವ ತಟ್ಟೆ) ಹೇಗೆ ಬಳಸಬೇಕು ಅನ್ನುವುದನ್ನೆಲ್ಲ ಅದು ತಾಯಿ ಮತ್ತು ಒಡಹುಟ್ಟಿದವರಿಂದ ಕಲಿಯುವುದು ಆಗಲೇ. ಎತ್ತಿಕೊಂಡು ಕಣ್ಣು, ಮೂಗು ನೋಡಿ. ನೀರು ಸೋರುತ್ತಿರಬಾರದು. ಬಾಲ ಎತ್ತಿ ನೋಡಿ, ಬೇಧಿಯ ಗುರುತು ಇರಬಾರದು. ಕಿವಿಯೊಳಗೆ ಕಾಫಿಪುಡಿ ಥರ ಕಪ್ಪು ಕಸ ಇದ್ದರೆ ಕಿವಿ ಹುಳ. ಮುಖ, ಕಾಲಿನಲ್ಲಿ ದುಂಡಗೆ ಕೂದಲು ಉದುರಿದ್ದರೆ ಹುಳುಕಡ್ಡಿ, ಅದು ನಿಮ್ಮ ಮಕ್ಕಳಿಗೂ ಹತ್ತುತ್ತದೆ. ಎರಡೂ ವಾಸಿಯಾಗುವಂಥವೇ, ಆದರೆ ವಾಸಿ ಮಾಡಿಸಿದ ಮೇಲೆ ತನ್ನಿ.

ಹಂತ 6: ಊಟ, ಕೂದಲು, ಸೆಖೆ

ಎರಡೂ ತಳಿಗೆ ದೊಡ್ಡ ಶತ್ರು ಬೊಜ್ಜು. ಬ್ರಿಟಿಷ್ ಬೆಕ್ಕಿಗೆ ಇನ್ನೂ ಜಾಸ್ತಿ, ಏಕೆಂದರೆ ಅದು ದಪ್ಪ ಇರುವುದೇ ಚೆಂದ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಪಕ್ಕೆಯ ಮೇಲೆ ಕೈಯಾಡಿಸಿದರೆ ಎಲುಬು ಕೈಗೆ ಸಿಗಬೇಕು. ಮೇಲಿಂದ ನೋಡಿದರೆ ಸೊಂಟ ಒಂಚೂರಾದರೂ ಕಾಣಬೇಕು. ಮನೆಯೊಳಗೇ ಇರುವ, ಸಂತಾನಹರಣ ಆದ 4 ಕಿಲೊ ಬೆಕ್ಕಿಗೆ ದಿನಕ್ಕೆ ಸುಮಾರು 200 ಕಿಲೊ ಕ್ಯಾಲರಿ ಸಾಕು, 6 ಕಿಲೊಗೆ ಸುಮಾರು 270. ಪೊಟ್ಟಣದ ಹಿಂದೆ 100 ಗ್ರಾಂಗೆ ಎಷ್ಟು ಅಂತ ಇರುತ್ತದೆ. ಅದು 370 ಆಗಿದ್ದರೆ 4 ಕಿಲೊ ಬೆಕ್ಕಿಗೆ ಇಡೀ ದಿನಕ್ಕೆ 55 ಗ್ರಾಂ. ಅಡುಗೆಮನೆಯ ತಕ್ಕಡಿಯಲ್ಲಿ ಒಮ್ಮೆ ತೂಗಿ ನೋಡಿ, ಎಷ್ಟು ಕಡಿಮೆ ಅಂತ ಆಶ್ಚರ್ಯ ಆಗುತ್ತದೆ. ಹಾಗಂತ ದಪ್ಪ ಬೆಕ್ಕನ್ನು ಉಪವಾಸ ಕೆಡವಬೇಡಿ. ಎರಡು ಮೂರು ದಿನ ತಿನ್ನದಿದ್ದರೆ ಕೊಬ್ಬು ಲಿವರ್‌ಗೆ ಸೇರಿ ಪ್ರಾಣಕ್ಕೆ ಕುತ್ತು ಬರುತ್ತದೆ. ನಿಧಾನಕ್ಕೆ ಇಳಿಸಬೇಕು.

ಹಾಲು ಅನ್ನ, ಮೊಸರನ್ನದ ಮೇಲೆ ಈ ಬೆಕ್ಕುಗಳನ್ನು ಸಾಕಲಾಗದು. ಬೀದಿ ಬೆಕ್ಕು ಅದನ್ನು ತಿಂದು ಉಳಿಯುವುದು ಹೊರಗೆ ಇಲಿ, ಹಲ್ಲಿ ಹಿಡಿಯುವುದರಿಂದ. ಮನೆಯೊಳಗಿನ ಬೆಕ್ಕಿಗೆ ಆ ದಾರಿ ಇಲ್ಲ. ಮಾಂಸದಲ್ಲಿರುವ ಟಾರಿನ್ ಎಂಬ ಪೋಷಕಾಂಶ ಸಿಗದಿದ್ದರೆ ಬೆಕ್ಕಿನ ಕಣ್ಣು ಹೋಗುತ್ತದೆ, ಹೃದಯ ಸೋಲುತ್ತದೆ. ಹೃದಯದ ನಂಟು 1987ರಲ್ಲಿ ಸಾಬೀತಾಗಿದೆ. ಮಾಂಸ ತಿನ್ನದ ಮನೆಯವರು ಬೆಕ್ಕಿನ ಆಹಾರದ ಪೊಟ್ಟಣವನ್ನಾದರೂ ಒಳಗೆ ಬಿಡಬೇಕು. ಅದಕ್ಕೆ ಮನಸ್ಸು ಒಪ್ಪದಿದ್ದರೆ ಬೆಕ್ಕು ಬೇಡ, ಮೊಲ ಸಾಕಿ.

ಕೂದಲು ಬಾಚುವುದು ದೊಡ್ಡ ಕೆಲಸವಲ್ಲ. ಅಮೆರಿಕನ್‌ಗೆ ವಾರಕ್ಕೊಮ್ಮೆ, ಬ್ರಿಟಿಷ್‌ಗೆ ವಾರಕ್ಕೆ ಎರಡು ಸಲ. ಕೂದಲು ಉದುರುವ ಕಾಲದಲ್ಲಿ ಬ್ರಿಟಿಷ್‌ಗೆ ದಿನಾ ಬಾಚಬೇಕು, ಇಲ್ಲದಿದ್ದರೆ ಕಪ್ಪು ಪ್ಯಾಂಟ್ ಹಾಕುವ ಆಸೆ ಬಿಡಿ.

ಸೆಖೆಯ ಮಾತು ಬೇರೆ. ಬೆಂಗಳೂರು, ಮೈಸೂರು, ಮಡಿಕೇರಿಯಲ್ಲಿ ದಟ್ಟ ತುಪ್ಪಳದ ಬೆಕ್ಕಿಗೆ ಅಷ್ಟು ಕಷ್ಟವಿಲ್ಲ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ, ಮಂಗಳೂರಿನ ಜಿಗುಟು ಸೆಖೆಯಲ್ಲಿ ಬ್ರಿಟಿಷ್ ಬೆಕ್ಕು ಸಾಕುವವರು ಮಧ್ಯಾಹ್ನ ತಂಪಾದ ಒಂದು ಕೋಣೆ, ಫ್ಯಾನ್, ಬರಿ ನೆಲ, ಎರಡು ಮೂರು ಕಡೆ ನೀರು ಇಡಲೇಬೇಕು. ಕೂದಲು ಬೋಳಿಸುವುದು ಬೇಡ. ಬೆಕ್ಕು ನಾಯಿಯಂತೆ ಬಾಯಿ ತೆರೆದು ಏದುಸಿರು ಬಿಟ್ಟರೆ ಅದು ಮಾಮೂಲಿ ಅಲ್ಲ. ಒದ್ದೆ ಬಟ್ಟೆಯಿಂದ ಪಾದ, ಹೊಟ್ಟೆ ಒರೆಸಿ ವೈದ್ಯರ ಹತ್ತಿರ ಒಯ್ಯಿರಿ.

ಅಪಾರ್ಟ್‌ಮೆಂಟ್‌ನವರು ಮರಿ ಬರುವ ಮೊದಲೇ ಬಾಲ್ಕನಿ ನೋಡಿಕೊಳ್ಳಿ. ಪಾರಿವಾಳಕ್ಕೆ ಕಟ್ಟುವ ನೈಲಾನ್ ಬಲೆಯನ್ನು ಬೆಕ್ಕು ಕಚ್ಚಿ ಹರಿಯುತ್ತದೆ. ಪಾರಿವಾಳ ಆಚೆ ಕೂತಿದ್ದರಂತೂ ಒಂದು ಮಧ್ಯಾಹ್ನ ಸಾಕು. ಉಕ್ಕಿನ ಜಾಲರಿ ಹಾಕಿಸಿ. ಎಂಟು ಕಿಲೊ ತೂಗುವ ಬ್ರಿಟಿಷ್ ಗಂಡು ಮೈಯೊಡ್ಡಿದರೂ ಸಡಿಲವಾಗದಂತೆ ಅಂಚುಗಳನ್ನು ಸ್ಕ್ರೂ ಹಾಕಿ ಬಿಗಿಸಬೇಕು. ಲಿಟರ್ ಟ್ರೇಯನ್ನೂ ಈಗಲೇ ದೊಡ್ಡದು ತನ್ನಿ, ಬೆಳೆದ ಬೆಕ್ಕಿನ ಮೂಗಿನಿಂದ ಬಾಲದ ಬುಡದವರೆಗಿನ ಉದ್ದದ ಒಂದೂವರೆ ಪಟ್ಟು. ಅಂಗಡಿಯ ಚೆಂದದ ಟ್ರೇಗಳು ಅಷ್ಟು ಉದ್ದ ಇರುವುದು ಕಡಿಮೆ. ಬಟ್ಟೆ ಇಡುವ ಪ್ಲಾಸ್ಟಿಕ್ ಡಬ್ಬವೊಂದನ್ನು ತಂದು ಒಂದು ಬದಿ ತಗ್ಗಾಗಿ ಕತ್ತರಿಸಿದರೆ ಆಯಿತು.